ತೊಂಬತ್ತೊಂಬತ್ತು ಕುರಿ ಬಿಟ್ಟು ಹೋದವನ ಲೆಕ್ಕ

ನಾನು ಲೆಕ್ಕ ಕಲಿತದ್ದು ಶಾಲೆಯಲ್ಲಿ ಅಲ್ಲ, ಕುರಿಹಟ್ಟಿಯ ಬಾಯಲ್ಲಿ. ಸಂಜೆಯಾದರೆ ನಮ್ಮಪ್ಪ ಹಟ್ಟಿಯ ಬಾಗಿಲಿಗೆ ಕೋಲು ಅಡ್ಡ ಹಿಡಿದು ನಿಲ್ಲುತ್ತಿದ್ದ. ಕುರಿಗಳು ಎರಡೆರಡಾಗಿ ಒಳಗೆ ನುಗ್ಗುತ್ತಿದ್ದವು. ನಾನು ಪಕ್ಕದಲ್ಲಿ ಕೂತು ಇಪ್ಪತ್ತಕ್ಕೊಂದು ಹರಳು ತೆಗೆದಿಡುತ್ತಿದ್ದೆ. ಐದು ಹರಳಾದರೆ ನೂರು. ಮೂಡಲಗಿ ಆಗ ಇನ್ನೂ ಗೋಕಾಕ ತಾಲ್ಲೂಕಿನ ಒಂದು ಊರು, ಪ್ರತ್ಯೇಕ ತಾಲ್ಲೂಕಾಗಿರಲಿಲ್ಲ. ಈಗ ಕಾಲುವೆ ನೀರು ಹರಿದು ಕಬ್ಬು ನಿಂತಿರುವ ಎಷ್ಟೋ ಭೂಮಿಯಲ್ಲಿ ಆಗ ನಮ್ಮ ಕರಿ ಕುರಿಗಳು ಹುಲ್ಲು ಹುಡುಕಿಕೊಂಡು ಅಲೆಯುತ್ತಿದ್ದವು.

1980ರ ಸುಮಾರಿನ ಮಾತು. ಒಂದು ಸಂಜೆ ಐದನೆಯ ಹರಳಿಗೆ ಒಂದು ಕುರಿ ಕಡಿಮೆ ಬಿತ್ತು. ಅಪ್ಪ ಮತ್ತೊಮ್ಮೆ ಎಣಿಸಿದ. ಮತ್ತೂ ಒಂದು ಕಡಿಮೆ. ಹಿಂಡನ್ನು ಕಾಕನ ಸುಪರ್ದಿಗೆ ಬಿಟ್ಟು ಕಂಬಳಿ ಹೊದ್ದು ಕಂದೀಲು ಹಿಡಿದು ಹೊರಟೇಬಿಟ್ಟ. ಆ ದಿನಗಳಲ್ಲಿ ತೋಳದ ಭಯ ಬಹಳ. ಒಂದು ಬಡಕಲು ಕುರಿಗಾಗಿ ಇಷ್ಟು ಕುರಿ ಬಿಟ್ಟು ಹೋಗುವುದೆಂಥ ಶಹಾಣೆತನ ಎಂದು ಅವ್ವ ರಾತ್ರಿಯೆಲ್ಲ ಬೈಯುತ್ತಿದ್ದಳು. ಅವಳ ಮಾತೇ ಸರಿ ಎಂದು ಒಂಬತ್ತು ವರ್ಷದ ನನಗೂ ಅನಿಸಿತ್ತು. ಕೋಳಿ ಕೂಗುವ ಹೊತ್ತಿಗೆ ಅಪ್ಪ ಬಂದ. ಹೆಗಲ ಮೇಲೆ ಕುರಿ ಇತ್ತು. ಹಳ್ಳದ ಕೊರಕಲಿನಲ್ಲಿ ಬೆನ್ನು ಕೆಳಗಾಗಿ ಕಾಲು ಮೇಲಾಗಿ ಬಿದ್ದಿತ್ತಂತೆ. ಅಪ್ಪ ಅದಕ್ಕೆ ಒಂದೇಟೂ ಹೊಡೆಯಲಿಲ್ಲ. ಇಳಿಸಿ, ಹೊಟ್ಟೆ ತಿಕ್ಕಿ, ನಿಲ್ಲುವ ತನಕ ಹಿಡಿದುಕೊಂಡು ಕೂತ. ಒಂದಕ್ಕೆ ಯಾಕೆ ಅಷ್ಟು ದೂರ ಹೋದೆ ಎಂದು ನಾನು ಕೇಳಿದಾಗ ಆಕಳಿಸುತ್ತ ಹೇಳಿದ: “ಎಣಿಕಿ ಕೂಡಲಿಲ್ಲ ಅಂದ್ರ ನಿದ್ದಿ ಹತ್ತಂಗಿಲ್ಲೊ.”

ಈ ಹಳೆಯ ಮಾತನ್ನು ಏಕೆ ತೆಗೆದೆನೆಂದರೆ, ಹದಿನಾಲ್ಕು ವರ್ಷಗಳ ನಂತರ ಇದೇ ಕಥೆಯನ್ನು ನಾನು ಒಂದು ಪುಸ್ತಕದಲ್ಲಿ ಓದಿದೆ. 1994ರಲ್ಲಿ ಬಿ.ಎಡ್. ಓದಲು ಬೆಳಗಾವಿಯಲ್ಲಿದ್ದಾಗ ನನ್ನ ಕೋಣೆಯ ಜೊತೆಗಾರ ಕ್ರೈಸ್ತ ಮನೆತನದವನು. ಅವನ ಟ್ರಂಕಿನಲ್ಲಿ ಕನ್ನಡ ಹೊಸ ಒಡಂಬಡಿಕೆ ಇತ್ತು. ಮಳೆಗಾಲದ ಒಂದು ರವಿವಾರ ಮಾಡಲು ಬೇರೆ ಕೆಲಸವಿಲ್ಲದೆ ಅದನ್ನು ತಿರುವಿ ಹಾಕುತ್ತಿದ್ದೆ. ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯ ಕಣ್ಣಿಗೆ ಬಿತ್ತು. ನೂರು ಕುರಿಯುಳ್ಳವನು ಒಂದು ಕಳೆದುಹೋದರೆ ತೊಂಬತ್ತೊಂಬತ್ತನ್ನು ಅಡವಿಯಲ್ಲಿ ಬಿಟ್ಟು ಅದನ್ನು ಹುಡುಕಲು ಹೋಗುತ್ತಾನೆ, ಸಿಕ್ಕಾಗ ಹೆಗಲ ಮೇಲೆ ಹೊತ್ತು ತಂದು ನೆರೆಹೊರೆಯವರನ್ನು ಕರೆದು ಸಂತೋಷಪಡುತ್ತಾನೆ. ದೇವರು ಇಂಥವನು ಎಂದು ಯೇಸು ಹೇಳಿದ್ದಾಗಿ ಅಲ್ಲಿದೆ. ನನಗೆ ಮೊದಲು ನೆನಪಾದದ್ದು ಅವ್ವನ ಬೈಗುಳ.

ಕ್ರೈಸ್ತ ಧರ್ಮ ನಮ್ಮ ಭಾಗಕ್ಕೆ ಹೊಸದೇನಲ್ಲ. ಲಂಡನ್ ಮಿಷನರಿ ಸೊಸೈಟಿಯ ಜೋಸೆಫ್ ಟೇಲರ್ ಬಳ್ಳಾರಿಯಿಂದ ಬೆಳಗಾವಿಗೆ ಬಂದದ್ದು 1820ರಲ್ಲಿ. ಅದೇ ಕಾಲಕ್ಕೆ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ತೊಡಗಿದ್ದರು. ಮುಂದೆ ಧಾರವಾಡದ ಕಡೆ ಬಾಸೆಲ್ ಮಿಷನ್ನಿನವರು ಬಂದರು. 1894ರ ದೊಡ್ಡ ನಿಘಂಟಿನಿಂದ ಕನ್ನಡಿಗರ ಮನೆಮಾತಾದ ಕಿಟೆಲ್ ಸಾಹೇಬರು ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿಗೇ ಇಳಿಸಿ ‘ಕಥಾಮಾಲೆ’ ಬರೆದರು. ಬೈಲಹೊಂಗಲ ತಾಲ್ಲೂಕಿನ ದೇಶನೂರಿನಲ್ಲಂತೂ ಜೆಸ್ವಿಟ್ ಪಾದ್ರಿಗಳು ಕಾವಿಯುಟ್ಟು, ತಮ್ಮ ನೆಲೆಯನ್ನು ವಿರಕ್ತ ಮಠವೆಂದೇ ಕರೆದುಕೊಂಡರು. ಕುರಿಗಾಹಿಯ ಕಥೆಯನ್ನು ಕುರಿ ಕಾಯುವ ನಾಡಿನಲ್ಲಿ ಹೇಳುವಾಗ ಅವರಿಗೆ ಹೆಚ್ಚು ವಿವರಿಸುವ ಪ್ರಸಂಗ ಬಂದಿರಲಿಕ್ಕಿಲ್ಲ.

ಕುರಿ ಏಕೆ ದಾರಿ ತಪ್ಪುತ್ತದೆ?

ನಾನು ವಿಜ್ಞಾನದ ಮಾಸ್ತರನಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ‘ಕುರಿ’ ಎಂದರೆ ದಡ್ಡ ಎಂಬ ಬೈಗುಳ ನಮ್ಮ ತರಗತಿಗಳಲ್ಲಿ ದಿನಕ್ಕೆ ಹತ್ತು ಸಲ ಕೇಳಿಸುತ್ತದೆ. ಇದು ಕುರಿಗೆ ಮಾಡಿದ ಅನ್ಯಾಯ. ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ಬಾಬ್ರಹಾಂ ಸಂಸ್ಥೆಯ ಕೀತ್ ಕೆಂಡ್ರಿಕ್ ಮತ್ತು ಸಂಗಡಿಗರು 2001ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದ ಪ್ರಕಾರ ಕುರಿಯೊಂದು ಐವತ್ತು ಬೇರೆ ಕುರಿಗಳ ಮುಖಗಳನ್ನು ಗುರುತಿಟ್ಟುಕೊಂಡು ಎರಡು ವರ್ಷದವರೆಗೆ ಮರೆಯದೆ ಇರಬಲ್ಲದು. ನಮ್ಮ ಶಾಲೆಯಲ್ಲಿ ಜೂನ್ ತಿಂಗಳಲ್ಲಿ ಐವತ್ತು ಹೊಸ ಮಕ್ಕಳ ಮುಖ ನೆನಪಿಡಲು ನನಗೆ ಆಗಸ್ಟ್ ಬೇಕಾಗುತ್ತದೆ.

ಹಾಗಾದರೆ ಅದು ತಪ್ಪಿಸಿಕೊಳ್ಳುವುದು ಹೇಗೆ? ಓಡಿಹೋಗಿ ಅಲ್ಲ. ತಲೆ ತಗ್ಗಿಸಿ ಮೇಯುತ್ತ, ಈ ಹುಲ್ಲಿನಿಂದ ಆ ಹುಲ್ಲಿಗೆ, ಆ ಪೊದೆಯಿಂದ ಈ ಪೊದೆಗೆ ಹೋಗುತ್ತಾ ತಲೆಯೆತ್ತಿ ನೋಡಿದಾಗ ಹಿಂಡು ಇರುವುದಿಲ್ಲ. ಹಿಂಡಿನಲ್ಲಿ ಬದುಕುವ ಪ್ರಾಣಿ ಒಂಟಿಯಾದ ಕೂಡಲೇ ಗಾಬರಿಗೊಳ್ಳುತ್ತದೆ. ಅರಚುತ್ತದೆ, ಅತ್ತಿಂದಿತ್ತ ಓಡುತ್ತದೆ, ಮೇವು ಬಿಡುತ್ತದೆ. ಎಡವಿ ಬೆನ್ನು ಕೆಳಗಾಗಿ ಬಿದ್ದರೆ ಮುಗಿಯಿತು. ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆಯಲ್ಲಿ ಹುದುಗುವಿಕೆಯಿಂದ ಸದಾ ಅನಿಲ ಹುಟ್ಟುತ್ತಿರುತ್ತದೆ. ನೆಟ್ಟಗೆ ನಿಂತಾಗ ತೇಗಿನ ಮೂಲಕ ಹೊರಹೋಗುವ ಆ ಅನಿಲ ಅಂಗಾತ ಬಿದ್ದಾಗ ಹೊರಬರಲಾರದೆ ಹೊಟ್ಟೆ ಉಬ್ಬಿ ಶ್ವಾಸಕೋಶವನ್ನು ಒತ್ತುತ್ತದೆ. ಕೆಲವೇ ತಾಸುಗಳಲ್ಲಿ ಸಾಯಬಹುದು. ನಮ್ಮಪ್ಪನಿಗೆ ಈ ಶರೀರಶಾಸ್ತ್ರ ಗೊತ್ತಿರಲಿಲ್ಲ. ಬೆಳಗಾಗಲಿ ನೋಡೋಣ ಎಂದರೆ ಹೆಣ ಸಿಗುತ್ತದೆ ಎಂಬುದು ಮಾತ್ರ ಗೊತ್ತಿತ್ತು.

ಮಕ್ಕಳು ಹಾಳಾಗುವ ರೀತಿಯೂ ಬಹುತೇಕ ಹೀಗೇ ಎಂದು ಮೂವತ್ತು ವರ್ಷಗಳ ಅನುಭವದಿಂದ ಹೇಳಬಲ್ಲೆ. ಹುಕ್ಕೇರಿ ಕಡೆಯ ಒಂದು ಶಾಲೆ, ಮೂಡಲಗಿ ಭಾಗದ ಒಂದು ಶಾಲೆ, ಈಗ ಗೋಕಾಕದ ಹತ್ತಿರದ ಒಂದು ಶಾಲೆ, ಹೀಗೆ ಮೂರೂ ಕಡೆ ದುಡಿದವನು ನಾನು. ಇಂದಿನಿಂದ ಕೆಡುತ್ತೇನೆ ಎಂದು ನಿಶ್ಚಯಿಸಿ ಕೆಟ್ಟ ಹುಡುಗನನ್ನು ನಾನು ನೋಡಿಲ್ಲ. ಒಂದು ದಿನ ಶಾಲೆ ತಪ್ಪಿಸಿ ಫಾಲ್ಸ್ ನೋಡಲು ಹೋಗುತ್ತಾನೆ, ಮರುದಿನ ಬೈಗುಳಕ್ಕೆ ಹೆದರಿ ತಪ್ಪಿಸುತ್ತಾನೆ, ಮೂರನೆಯ ದಿನಕ್ಕೆ ಹೊರಗೇ ಒಬ್ಬ ಗೆಳೆಯ ಸಿಕ್ಕಿರುತ್ತಾನೆ. ತಲೆಯೆತ್ತಿ ನೋಡುವಷ್ಟರಲ್ಲಿ ಹಿಂಡು ದೂರ ಹೋಗಿರುತ್ತದೆ.

ಒಂದು, ಹತ್ತು, ಐವತ್ತು

ಲೂಕನ ಆ ಅಧ್ಯಾಯದಲ್ಲಿ ಇರುವುದು ಒಂದು ಕಥೆಯಲ್ಲ, ಮೂರು. ಯೇಸು ಸುಂಕದವರ ಮತ್ತು ಪಾಪಿಗಳೆನಿಸಿಕೊಂಡವರ ಜೊತೆ ಕೂತು ಉಣ್ಣುತ್ತಾನೆಂದು ಆಚಾರವಂತರು ಗೊಣಗುತ್ತಿದ್ದರು. ಅವರಿಗೆ ಉತ್ತರವಾಗಿ ಬಂದ ಕಥೆಗಳು ಇವು. ಮೊದಲನೆಯದರಲ್ಲಿ ನೂರರಲ್ಲಿ ಒಂದು ಕುರಿ, ಎರಡನೆಯದರಲ್ಲಿ ಹತ್ತು ಬೆಳ್ಳಿ ನಾಣ್ಯಗಳಲ್ಲಿ ಒಂದು, ಮೂರನೆಯದರಲ್ಲಿ ಇಬ್ಬರು ಮಕ್ಕಳಲ್ಲಿ ಒಬ್ಬ. ಶೇಕಡಾ 1, ಶೇಕಡಾ 10, ಶೇಕಡಾ 50. ನಷ್ಟದ ಪ್ರಮಾಣ ಏರುತ್ತ ಹೋಗುತ್ತದೆ. ಆದರೆ ಸಿಕ್ಕಾಗಿನ ಸಂಭ್ರಮ ಮೂರರಲ್ಲೂ ಒಂದೇ.

ನಾಣ್ಯದ ಕಥೆ ಚಿಕ್ಕದು. ಒಬ್ಬ ಹೆಂಗಸು ದೀಪ ಹಚ್ಚಿ ಮನೆ ಗುಡಿಸಿ ಹುಡುಕುತ್ತಾಳೆ, ಅಷ್ಟೆ. ಆ ನಾಣ್ಯ ಒಂದು ದಿನದ ಕೂಲಿಯಷ್ಟಿತ್ತೆಂದು ಪಂಡಿತರು ಹೇಳುತ್ತಾರೆ. ದೇವರನ್ನು ಕಸಬರಿಗೆ ಹಿಡಿದ ಹೆಂಗಸಿಗೆ ಹೋಲಿಸಿದ ಧೈರ್ಯ ನನಗೆ ಬಹಳ ಮೆಚ್ಚುಗೆಯಾಯಿತು.

ಮೂರನೆಯದು ದೊಡ್ಡ ಕಥೆ. ಕನ್ನಡದಲ್ಲಿ ಇದನ್ನು ‘ದುಂದುಗಾರ ಮಗ’ ಎನ್ನುವುದುಂಟು, ‘ತಪ್ಪಿಹೋದ ಮಗ’ ಎನ್ನುವುದೂ ಉಂಟು. ಕಿರಿಯ ಮಗ ತಂದೆ ಬದುಕಿರುವಾಗಲೇ ತನ್ನ ಪಾಲು ಕೇಳುತ್ತಾನೆ. ಅಂದಿನ ಯೆಹೂದ್ಯರ ಧರ್ಮಶಾಸ್ತ್ರದಂತೆ ಹಿರಿಯನಿಗೆ ಎರಡು ಪಾಲು ಸಲ್ಲಬೇಕು. ಅಂದರೆ ಇವನಿಗೆ ಬಂದದ್ದು ಆಸ್ತಿಯ ಮೂರನೆಯ ಒಂದು ಭಾಗ. ಅದನ್ನು ದೂರದೇಶಕ್ಕೆ ಒಯ್ದು ಹಾಳುಮಾಡುತ್ತಾನೆ. ಬರಗಾಲ ಬರುತ್ತದೆ. ಹಂದಿ ಕಾಯುವ ಕೆಲಸಕ್ಕೆ ನಿಲ್ಲುತ್ತಾನೆ, ಅವು ತಿನ್ನುವ ಕಾಯಿಗಳಿಗೂ ಆಸೆಪಡುತ್ತಾನೆ. ಆ ಕಾಯಿ ಕ್ಯಾರಬ್ ಎಂಬ ಮರದ್ದೆಂದು ಹೇಳುತ್ತಾರೆ. ನಮ್ಮ ಹುಣಸೆಕಾಯಿಯಂತೆ ಉದ್ದನೆಯ ಕೋಡು. ಅದರ ಬೀಜದ ಹೆಸರಿನಿಂದಲೇ ವಜ್ರ ತೂಗುವ ‘ಕ್ಯಾರಟ್’ ಬಂತು. ಒಂದು ಕ್ಯಾರಟ್ ಅಂದರೆ 200 ಮಿಲಿಗ್ರಾಂ. ಹಂದಿಯ ಮೇವಿನ ಹೆಸರು ವಜ್ರದ ತಕ್ಕಡಿ ಏರಿದ್ದು ಒಂದು ಸೋಜಿಗ. ತರಗತಿಯಲ್ಲಿ ಇದನ್ನು ಹೇಳಿದರೆ ಮಕ್ಕಳು ಬೇಗ ಮರೆಯುವುದಿಲ್ಲ.

ಹಸಿವಿನಿಂದ ಬುದ್ಧಿ ಬಂದು ಅವನು ಹೊರಡುತ್ತಾನೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಳ್ಳುತ್ತಾನೆ: ಮಗ ಎನಿಸಿಕೊಳ್ಳಲು ಯೋಗ್ಯನಲ್ಲ, ಆಳಾಗಿ ಇಟ್ಟುಕೋ. ಆದರೆ ಇನ್ನೂ ದೂರದಲ್ಲಿರುವಾಗಲೇ ತಂದೆ ಅವನನ್ನು ಕಂಡು ಓಡಿಬಂದು ಅಪ್ಪಿಕೊಳ್ಳುತ್ತಾನೆ. ಬಾಯಿಪಾಠ ಮಾಡಿದ್ದನ್ನು ಪೂರ್ತಿ ಒಪ್ಪಿಸಲೂ ಬಿಡುವುದಿಲ್ಲ. ಒಳ್ಳೆಯ ಅಂಗಿ ತರಿಸುತ್ತಾನೆ, ಉಂಗುರ ತೊಡಿಸುತ್ತಾನೆ, ಕಾಲಿಗೆ ಕೆರ ಮೆಡಿಸುತ್ತಾನೆ, ಹಬ್ಬದ ಅಡಿಗೆ ಮಾಡಿಸುತ್ತಾನೆ. ಅದೇ ಧರ್ಮಶಾಸ್ತ್ರದಲ್ಲಿ ಮಾತು ಕೇಳದ ಮೊಂಡ ಮಗನನ್ನು ಊರ ಹಿರಿಯರ ಮುಂದೆ ನಿಲ್ಲಿಸಿ ಕಲ್ಲು ಹೊಡೆಯಬೇಕೆಂಬ ವಿಧಿಯೂ ಇತ್ತು ಎಂಬುದನ್ನು ನೆನೆದರೆ ಕೇಳುತ್ತಿದ್ದವರ ಮುಖ ಹೇಗಾಗಿರಬೇಕು! ದುಂದುಗಾರ ಯಾರೆಂದು ಲೆಕ್ಕ ಹಾಕಿದರೆ ಮಗನಿಗಿಂತ ತಂದೆಯೇ ಒಂದು ಕೈ ಮುಂದು.

ಪಾಲಕರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕುರಿಗಾಹಿ ಹುಡುಕಿಕೊಂಡು ಹೋದ, ಹೆಂಗಸು ಗುಡಿಸಿ ಹುಡುಕಿದಳು. ತಂದೆ ಮಾತ್ರ ದೂರದೇಶಕ್ಕೆ ಹೋಗಲಿಲ್ಲ. ಇದು ನನಗೆ ಬಹಳ ದಿನ ಬಗೆಹರಿಯದ ಪ್ರಶ್ನೆಯಾಗಿತ್ತು. ಕ್ರೈಸ್ತ ಚಿಂತಕರು ಹೇಳುವುದು ಇಷ್ಟು: ಕುರಿಗೆ ತಾನು ತಪ್ಪಿದ್ದು ಗೊತ್ತು, ದಾರಿ ಗೊತ್ತಿಲ್ಲ. ನಾಣ್ಯಕ್ಕೆ ಎರಡೂ ಗೊತ್ತಿಲ್ಲ. ಮಗನಿಗೆ ಎರಡೂ ಗೊತ್ತು. ದಾರಿ ಗೊತ್ತಿದ್ದೂ ಹೋದವನನ್ನು ಎಳೆದು ತಂದರೆ ಬರುವುದು ದೇಹ ಮಾತ್ರ. ಅವನು ತಾನಾಗಿ ತಿರುಗುವವರೆಗೆ ಕಾಯಬೇಕು. ಕಾಯುವಾಗ ಬಾಗಿಲು ಹಾಕಬಾರದು. ದೇವರ ಸಹನೆ ಎಂದರೆ ಅವರ ಅರ್ಥದಲ್ಲಿ ಸುಮ್ಮನೆ ಕೂಡುವುದಲ್ಲ, ರಸ್ತೆ ನೋಡುತ್ತ ನಿಲ್ಲುವುದು.

ಆ ಕಾಯುವಿಕೆ ಎಷ್ಟು ವರ್ಷದ್ದಾದೀತು? ಇಂದಿನ ಅಲ್ಜೀರಿಯಾದ ತಗಸ್ತೆ ಎಂಬ ಊರಲ್ಲಿ 354ರಲ್ಲಿ ಹುಟ್ಟಿದ ಆಗಸ್ಟೀನ ಬಲು ಜಾಣ. ಅಷ್ಟೇ ಸ್ವೇಚ್ಛಾಚಾರಿ. ತಾಯಿ ಮೋನಿಕಾ ಬೆನ್ನು ಬಿಡದಿದ್ದಾಗ ಸುಳ್ಳು ಹೇಳಿ ಅವಳನ್ನು ದಡದಲ್ಲೇ ಬಿಟ್ಟು ರಾತ್ರೋರಾತ್ರಿ ಕಾರ್ತೇಜಿನಿಂದ ರೋಮಿನ ಹಡಗು ಹತ್ತಿದ. ಅವನು ಮಿಲಾನಿನಲ್ಲಿ ದೀಕ್ಷಾಸ್ನಾನ ಪಡೆದದ್ದು 387ರಲ್ಲಿ. ಅಮ್ಮ ತೀರಿಕೊಂಡದ್ದೂ ಅದೇ ವರ್ಷ. ಇಂಗ್ಲೆಂಡಿನ ಜಾನ್ ನ್ಯೂಟನ್ ಎಂಬಾತನ ಕಥೆ ಇನ್ನೂ ನಿಧಾನದ್ದು. ಭೌತಶಾಸ್ತ್ರದ ನ್ಯೂಟನ್ ಅಲ್ಲ, ಇವನು ಹಡಗಿನವನು. 1748ರಲ್ಲಿ ಬಿರುಗಾಳಿಗೆ ಸಿಕ್ಕು ದೇವರನ್ನು ನೆನೆದ. ನೆನೆದ ಮೇಲೂ ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನನಾಗಿ ದುಡಿದ! ಸಮುದ್ರ ಬಿಟ್ಟದ್ದು 1754ರಲ್ಲಿ, ಪಾದ್ರಿಯಾದದ್ದು 1764ರಲ್ಲಿ, ಆ ವ್ಯಾಪಾರ ಘೋರವೆಂದು ಬಹಿರಂಗವಾಗಿ ಬರೆದದ್ದು 1788ರಲ್ಲಿ. ಲೆಕ್ಕ ಮಾಡಿ, ನಲವತ್ತು ವರ್ಷ. ನಾವು ಒಂದು ಘಟಕ ಪರೀಕ್ಷೆಯಿಂದ ಇನ್ನೊಂದರೊಳಗೆ ಮಗ ಸುಧಾರಿಸಬೇಕೆನ್ನುತ್ತೇವೆ.

ಹಾಗೆಂದು ಈ ಕಥೆ ಓದಿದವರೆಲ್ಲ ಕಥೆಯಂತೆ ನಡೆದರೆಂದು ತಿಳಿಯಬೇಡಿ. 1871ರಲ್ಲಿ ಬ್ರಿಟಿಷ್ ಸರ್ಕಾರ ಕೆಲವು ಜನಾಂಗಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಸಾರುವ ಕಾನೂನು ಮಾಡಿತು. ಅಂಥವರನ್ನು ಕೂಡಿಹಾಕಲು ಕಟ್ಟಿದ ವಸತಿಗಳಿಗೆ ಹುಬ್ಬಳ್ಳಿ, ಗದಗಗಳಲ್ಲಿ ಇಂದಿಗೂ ಜನ ಸೆಟ್ಲಮೆಂಟ್ ಎನ್ನುತ್ತಾರೆ. ಹುಬ್ಬಳ್ಳಿಯದನ್ನು ನೋಡಿಕೊಳ್ಳುವ ಹೊಣೆ ಮಿಷನರಿಗಳಿಗೇ ವಹಿಸಲಾಗಿತ್ತು. ಶಾಲೆ, ಕಸಬು ಕಲಿಸಿದರು, ನಿಜ. ಜೊತೆಗೆ ಹಾಜರಿಯನ್ನೂ ಹಿಡಿದರು. ಕಳೆದುಹೋದ ಒಂದು ಕುರಿಯ ಕಥೆ ಹೇಳುವವರು ಇಡೀ ಹಿಂಡಿಗೆ ಕಳ್ಳ ಹಿಂಡು ಎಂಬ ಮುದ್ರೆ ಬಿದ್ದದ್ದನ್ನು ಒಪ್ಪಿಕೊಂಡರು. ಆ ಕಾನೂನು ರದ್ದಾಗಲು 1952 ಬರಬೇಕಾಯಿತು. ಅವರನ್ನು ಆಡಿಕೊಳ್ಳುವ ಯೋಗ್ಯತೆ ನನಗೂ ಇಲ್ಲ. ಏಕೆಂದರೆ ಹಾಜರಿ ಪುಸ್ತಕದ ಕಥೆ ನನ್ನದೂ ಒಂದಿದೆ.

ವಸ್ತಿ ಬಸ್ಸು

2003–04ರ ಮಾತು. ಮೂಡಲಗಿ ಭಾಗದ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಹತ್ತನೆಯ ತರಗತಿಗೆ ನಾನು ವರ್ಗಶಿಕ್ಷಕ. ಆ ಸಲ ಶೇಕಡಾ ನೂರು ಫಲಿತಾಂಶ ಬರಲೇಬೇಕೆಂದು ನಮಗೆಲ್ಲ ಹುಚ್ಚು ಹಿಡಿದಿತ್ತು. ಯಾರೂ ನನ್ನನ್ನು ಒತ್ತಾಯಿಸಲಿಲ್ಲ, ಆ ಹುಚ್ಚು ಎಲ್ಲರಿಗಿಂತ ಹೆಚ್ಚು ಇದ್ದದ್ದು ನನಗೇ. ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಗಣಿತ, ಇಂಗ್ಲಿಷು ಎರಡರಲ್ಲೂ ಎಷ್ಟು ಎತ್ತಿದರೂ ಮೇಲೇಳದವನು. ಕಬ್ಬಿನ ಹಂಗಾಮಿನಲ್ಲಿ ಶಾಲೆ ತಪ್ಪಿಸಿದ್ದ, ನಡುವೆ ಕಾಮಾಲೆಯಾಗಿ ಎರಡು ವಾರ ಮಲಗಿದ್ದ. ಶೇಕಡಾ 75ರಷ್ಟು ಹಾಜರಿ ಇರಬೇಕೆಂಬ ನಿಯಮ ಎಲ್ಲರಿಗೂ ಗೊತ್ತಿದ್ದದ್ದೇ. ಇವನಿಗೆ ಆರು ದಿನ ಕಡಿಮೆ ಬಿತ್ತು. ವೈದ್ಯರ ಪ್ರಮಾಣಪತ್ರ ತರಿಸಿ ರಿಯಾಯಿತಿಗೆ ಶಿಫಾರಸು ಬರೆಯಬಹುದಿತ್ತು. ಹಳ್ಳಿಯಲ್ಲಿ ಕಾಮಾಲೆಗೆ ಪ್ರಮಾಣಪತ್ರ ಇಟ್ಟುಕೊಳ್ಳುವವರು ಯಾರು? ಕೇಳಿದ್ದರೆ ಅವನ ತಂದೆ ಎಲ್ಲಿಂದಾದರೂ ತರುತ್ತಿದ್ದ. ನಾನು ಕೇಳಲಿಲ್ಲ. ಹಾಜರಿ ಕೊರತೆ ಎಂದು ಕೆಂಪು ಶಾಯಿಯಲ್ಲಿ ಬರೆದು ಸಹಿ ಹಾಕಿದೆ. “ನಿಯಮ ಐತ್ರಿ, ನನ್ನ ಕೈಯಾಗ ಏನೂ ಇಲ್ಲ” ಎಂದು ಅವನ ತಂದೆಗೆ ಹೇಳಿದೆ. ಆತ ರುಮಾಲು ಸರಿಮಾಡಿಕೊಂಡು, “ಹೂಂರಿ ಸರ” ಎಂದು ಹೋದ.

ಮೇ ತಿಂಗಳಲ್ಲಿ ನಮ್ಮ ಶಾಲೆಗೆ ಶೇಕಡಾ ನೂರು ಬಂತು. ಪೇಢೆ ಹಂಚಿದೆವು, ಫೋಟೋ ತೆಗೆಸಿಕೊಂಡೆವು. ಓರಗೆಯವರು ಕಾಲೇಜಿನ ಅರ್ಜಿ ತರಲು ಹೊರಟ ವಾರ ಆ ಹುಡುಗ ಮನೆ ಬಿಟ್ಟು ಹೋದ.

ಇಚಲಕರಂಜಿಯ ಮಗ್ಗಗಳಲ್ಲಿ ಯಾರೋ ನೋಡಿದರಂತೆ. ತಂದೆ ಎರಡು ಸಲ ಹೋಗಿ ಬಂದ. ಒಮ್ಮೆ ಸಿಗಲೇ ಇಲ್ಲ. ಇನ್ನೊಮ್ಮೆ ಸಿಕ್ಕವನು ಬರುವುದಿಲ್ಲವೆಂದ. ಆಮೇಲೆ ಆತ ಹೋಗಲಿಲ್ಲ. ಆದರೆ ದಿನಾ ರಾತ್ರಿ ನಮ್ಮೂರಿನ ವಸ್ತಿ ಬಸ್ಸು ಬರುವ ಹೊತ್ತಿಗೆ ನಿಲ್ದಾಣದ ಬೇವಿನ ಮರದ ಕೆಳಗೆ ಬಂದು ನಿಲ್ಲತೊಡಗಿದ. ಬಸ್ಸು ಬರುತ್ತಿತ್ತು, ಏಳೆಂಟು ಜನ ಇಳಿಯುತ್ತಿದ್ದರು, ಡ್ರೈವರ್ ದೀಪ ಆರಿಸುತ್ತಿದ್ದ. ಈತ ಬೀಡಿ ಹೊತ್ತಿಸಿಕೊಂಡು ಮನೆಗೆ ಹೋಗುತ್ತಿದ್ದ. ನಾನಿದ್ದ ಬಾಡಿಗೆ ಕೋಣೆ ನಿಲ್ದಾಣದ ಎದುರಿಗೇ. ಊಟ ಮುಗಿಸಿ ಕಟ್ಟೆಗೆ ಬಂದು ಕೂತರೆ ಆತ ಕಾಣುತ್ತಿದ್ದ. ಕಂಡಾಗಲೆಲ್ಲ, “ಊಟಾತ್ರಿ ಸರ?” ಎನ್ನುತ್ತಿದ್ದ. ನಾನು ಕೆಲವು ದಿನಗಳ ನಂತರ ಕಟ್ಟೆಗೆ ಬರುವುದನ್ನೇ ಬಿಟ್ಟೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಊರವರು ನಗುತ್ತಿದ್ದರು. ಹುಡುಗನ ಸೈಕಲ್ಲಿಗೆ ಆತ ಗಾಳಿ ತುಂಬಿಸಿಡುತ್ತಾನೆ ಎಂಬುದು ಕ್ಷೌರದ ಅಂಗಡಿಯಲ್ಲಿ ದೊಡ್ಡ ಹಾಸ್ಯವಾಗಿತ್ತು.

ಬೆಳಗಾವಿಯ ಆ ಕೋಣೆಯಲ್ಲಿ ಓದಿದ್ದ ಒಂದು ಸಂಗತಿ ನನಗೆ ಅರ್ಥವಾದದ್ದು ಈ ಮನುಷ್ಯನಿಂದ. ಮಗ ಇನ್ನೂ ದೂರದಲ್ಲಿರುವಾಗಲೇ ತಂದೆಗೆ ಕಂಡದ್ದು ಹೇಗೆ? ದಿನಾ ಆ ದಾರಿ ನೋಡುತ್ತಿದ್ದರೆ ಮಾತ್ರ ಕಾಣುತ್ತದೆ. ಲೂಕ ಅದನ್ನು ಬಿಡಿಸಿ ಹೇಳುವ ಗೋಜಿಗೆ ಹೋಗಿಲ್ಲ. ಬೇವಿನ ಮರದ ಕೆಳಗಿನ ಈ ರೈತನಿಗೋ ಲೂಕ ಎಂಬ ಹೆಸರೂ ಗೊತ್ತಿರಲಿಲ್ಲ.

ಲೂಕನ ಪುಸ್ತಕದಲ್ಲೇ ಎರಡು ಅಧ್ಯಾಯ ಹಿಂದೆ ಒಂದು ಅಂಜೂರದ ಗಿಡದ ಸಾಮ್ಯವಿದೆ. ಮೂರು ವರ್ಷ ನೋಡಿದೆ, ಕಾಯಿ ಬಿಡಲಿಲ್ಲ, ಕಡಿದುಹಾಕು ಎನ್ನುತ್ತಾನೆ ಯಜಮಾನ. ಇನ್ನೊಂದು ವರ್ಷ ಇರಲಿ, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ ಎಂದು ತೋಟಗಾರ ಬೇಡಿಕೊಳ್ಳುತ್ತಾನೆ. ಹೊಲದಲ್ಲಿ ಕುರಿ ತರುಬಿಸಿ ಗೊಬ್ಬರ ಮಾಡಿಸುವ ನಮ್ಮ ರೈತರಿಗೆ ಆ ತೋಟಗಾರ ಪರಕೀಯನಲ್ಲ. ಅವನು ಗಿಡಕ್ಕೆ ಬೈಯಲಿಲ್ಲ, ಬುಡ ಸಡಿಲು ಮಾಡಿದ. ಹಾಜರಿಯ ನಿಯಮ ಬೇಡವೆಂದು ನಾನು ಹೇಳುತ್ತಿಲ್ಲ. ನಿಯಮವಿಲ್ಲದೆ ಶಾಲೆ ನಡೆಯದು. ಆದರೆ ಅದೇ ನಿಯಮದಲ್ಲಿ ರಿಯಾಯಿತಿಯ ಒಂದು ಸಾಲೂ ಇರುತ್ತದೆ, ಅದನ್ನು ಓದುವ ಮನಸ್ಸು ನಮಗೆ ಇರಬೇಕಾಗುತ್ತದೆ. 2024ರಲ್ಲಿ ಎಸ್.ಎಸ್.ಎಲ್.ಸಿ.ಗೆ ಒಂದೇ ವರ್ಷ ಮೂರು ಸಲ ಪರೀಕ್ಷೆ ಬರೆಯುವ ಅವಕಾಶ ಬಂದಾಗ ಹಲವು ಸಹೋದ್ಯೋಗಿಗಳು ಪರೀಕ್ಷೆಯ ಬೆಲೆಯೇ ಹೋಯಿತೆಂದು ಗೊಣಗಿದರು. ನಾನು ಗೊಣಗಲಿಲ್ಲ.

2007ರ ಕಾರಹುಣ್ಣಿಮೆಗೆ ಎರಡು ದಿನ ಇತ್ತು. ರಾತ್ರಿ ಹೊರಗೆ ಗದ್ದಲ ಕೇಳಿ ಬಾಗಿಲು ತೆರೆದೆ. ವಸ್ತಿ ಬಸ್ಸು ಊರ ಹೊರಗೆ ಹಳ್ಳದ ಆಚೆಯೇ ಕೆಟ್ಟು ನಿಂತಿತ್ತು. ಜನ ನಡೆದು ಬರುತ್ತಿದ್ದರು. ತಿಂಗಳ ಬೆಳಕಿನಲ್ಲಿ ಬರೀ ಆಕಾರಗಳು. ಮುಖ ಯಾರದೆಂದು ನನಗೆ ತಿಳಿಯಲಿಲ್ಲ. ಬೇವಿನ ಮರದ ಕೆಳಗಿದ್ದವನು ಮಾತ್ರ ಓಡಿದ. ಅರವತ್ತರ ಹತ್ತಿರದ ಮನುಷ್ಯ, ಧೋತರ ಎತ್ತಿ ಹಿಡಿದು, ರುಮಾಲು ಬಿದ್ದದ್ದನ್ನೂ ನೋಡದೆ ಓಡಿದ. ಯೇಸುವಿನ ನಾಡಿನಲ್ಲಿ ಹಿರಿಯರು ಹೀಗೆ ಓಡುವುದು ಮರ್ಯಾದೆಗೆ ಕಡಿಮೆ ಎಂದು ವ್ಯಾಖ್ಯಾನಕಾರರು ಬರೆಯುತ್ತಾರೆ. ನಮ್ಮಲ್ಲೂ ಕಡಿಮೆಯೇ.

ಹುಡುಗ ಒಣಗಿದ್ದ. ಕೆಮ್ಮುತ್ತಿದ್ದ. ಎಲ್ಲಿದ್ದೆ, ದುಡಿದದ್ದೇನಾಯಿತು ಎಂದು ತಂದೆ ಒಂದು ಮಾತೂ ಕೇಳಲಿಲ್ಲವಂತೆ. ಮುಂದೆ ಅವನು ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಕಟ್ಟಿದ. ಒಮ್ಮೆ ಗಣಿತದಲ್ಲಿ ಹೋಯಿತು, ಎರಡನೆಯ ಸಲ ಮೂವತ್ತೆಂಟು ಅಂಕ ಬಂದು ಪಾಸಾದ. ಈಗ ಪಂಪಸೆಟ್ಟಿನ ಮೋಟರು ಸುತ್ತುವ ಅಂಗಡಿ ಇಟ್ಟುಕೊಂಡಿದ್ದಾನೆ. ತಾಮ್ರದ ತಂತಿಯ ಸುತ್ತು ಎಷ್ಟೆಂದು ಲೆಕ್ಕ ಹಾಕುವುದರಲ್ಲಿ ಅವನದು ತಪ್ಪುವುದಿಲ್ಲ.

ಆ ಕಾರಹುಣ್ಣಿಮೆಯ ದಿನ ತಂದೆ ನನ್ನನ್ನೂ ಊಟಕ್ಕೆ ಕರೆದ. ಹೋದೆ, ಆದರೆ ಒಳಗೆ ಹೋಗಲು ಕಾಲು ಬರಲಿಲ್ಲ. ಲೂಕನ ಕಥೆಯ ಕೊನೆಗೆ ಹಿರಿಯ ಮಗನೊಬ್ಬ ಬರುತ್ತಾನೆ. ಒಂದು ದಿನವೂ ಆಜ್ಞೆ ಮೀರದವನು, ಲೆಕ್ಕ ತಪ್ಪದವನು. ತಮ್ಮನಿಗಾಗಿ ಹಬ್ಬ ನಡೆದಿದೆ ಎಂದು ತಿಳಿದು ಸಿಟ್ಟಿನಿಂದ ಹೊಸ್ತಿಲ ಹೊರಗೇ ನಿಲ್ಲುತ್ತಾನೆ. ಅವನನ್ನು ಕರೆಯಲೂ ತಂದೆಯೇ ಹೊರಗೆ ಬರುತ್ತಾನೆ. ಅವನು ಒಳಗೆ ಹೋದನೋ ಇಲ್ಲವೋ ಕಥೆಯಲ್ಲಿ ಇಲ್ಲ. ತರಗತಿಯ ಮೊದಲ ಸಾಲಿನ ಮಕ್ಕಳಿಗೆ, ಅವರ ತಂದೆತಾಯಿಗಳಿಗೆ ನಾನು ಈ ಭಾಗವನ್ನೇ ಒತ್ತಿ ಹೇಳುತ್ತೇನೆ. ಮನೆಯಲ್ಲೇ ಇದ್ದು ದೂರವಾದವನು ಅವನು.

ಅಂದು ಅವರ ಹಿರಿಯ ಮಗ ಕಟ್ಟೆಯ ಮೇಲೆ ಕೂತು ಯಾರನ್ನೂ ನೋಡದೆ ಕುಡುಗೋಲು ಮಸೆಯುತ್ತಿದ್ದ. ನಾನು ಅಂಗಳದಲ್ಲಿ ಎತ್ತುಗಳ ಕೊಂಬಿನ ಬಣ್ಣ ನೋಡುತ್ತ ನಿಂತಿದ್ದೆ. ಒಳಗಿಂದ ತುಪ್ಪದ ವಾಸನೆ ಬರುತ್ತಿತ್ತು. ತಂದೆ ಹೊರಗೆ ಬಂದ. ಮೂರು ವರ್ಷದಿಂದ ಗಂಟಲಲ್ಲಿದ್ದದ್ದನ್ನು ಆಗ ಹೇಳಿದೆ. ಆರು ದಿನದ ಕೊರತೆ ಮಾತ್ರ ಇತ್ತು, ರಿಯಾಯಿತಿಗೆ ಬರೆಯಬಹುದಿತ್ತು, ನಾನು ಬರೆಯಲಿಲ್ಲ, ಕೈಯಲ್ಲಿ ಏನೂ ಇಲ್ಲವೆಂದದ್ದು ಸುಳ್ಳು ಎಂದೆ.

ಆತ ಹೆಗಲ ಮೇಲಿನ ಟವೆಲ್ಲಿನಿಂದ ಕೈ ಒರೆಸಿಕೊಂಡ.

“ಗೊತ್ತೈತ್ರಿ ಸರ. ಆವಾಗಽ ಸಾಲಿ ಜವಾನ ಹೇಳಿದ್ದ. ಹೋಳಿಗಿ 'ಆರತಾವ, ಒಳಗ ಬರ್ರಿ.”